ಗೋದಾಮಿನ ಎತ್ತರಕ್ಕೂ ಕಾನೂನು ತಲುಪಲಿ

ತಿರುವನಂತಪುರ ಬಳಿಯ ವಿಳಿಂಜಂ ಬಂದರನ್ನು ಪ್ರಧಾನಿ 2025ರ ಮೇ 2ರಂದು ಲೋಕಾರ್ಪಣೆ ಮಾಡಿದರು. ಕೊಚ್ಚಿಯ ವಲ್ಲಾರ್‌ಪಾಡಂ ಕಂಟೇನರ್ ಟರ್ಮಿನಲ್ 2011ರಿಂದಲೇ ಕೆಲಸ ಮಾಡುತ್ತಿದೆ. ಬಂದರು ಬೆಳೆದರೆ ಗೋದಾಮೂ ಬೆಳೆಯಲೇಬೇಕು. ಜಾಗ ದುಬಾರಿಯಾದ ಕೇರಳದಲ್ಲಿ ಅದು ಅಗಲಕ್ಕಿಂತ ಹೆಚ್ಚಾಗಿ ಮೇಲಕ್ಕೆ ಬೆಳೆಯುತ್ತದೆ. ಸರಕು ಮೇಲೇರಿದಷ್ಟೂ ಅದರ ಬೆನ್ನಿಗೇ ಮನುಷ್ಯನೂ ಹತ್ತುತ್ತಾನೆ. ಅವನು ಕ್ಷೇಮವಾಗಿ ಇಳಿಯುವ ಹೊಣೆ ಯಾರದು ಎಂಬುದಕ್ಕೆ ನಮ್ಮ ಕಾನೂನು ಜಾಗಕ್ಕೊಂದು ಉತ್ತರ ಕೊಡುತ್ತ ಬಂದಿದೆ.

ಒಂದೇ ಕಂಟೇನರ್‌ನ ದಾರಿ ಹಿಡಿದು ಹೋದರೆ ಇದು ಸ್ಪಷ್ಟವಾಗುತ್ತದೆ. ಹಡಗಿನಲ್ಲಿ ಕಂಟೇನರ್‌ಗಳನ್ನು ಬಿಗಿಯುವ ಲ್ಯಾಶಿಂಗ್ ಕಾರ್ಮಿಕನಿಗೆ 1986ರಷ್ಟು ಹಿಂದೆಯೇ ಹಡಗುಕಟ್ಟೆ ಕಾರ್ಮಿಕರ ಸುರಕ್ಷತಾ ಕಾಯ್ದೆ ಬಂತು. ಕೊಚ್ಚಿ ಪ್ರಮುಖ ಬಂದರಾದ್ದರಿಂದ ಅಲ್ಲಿ ಹೊಣೆ ಕೇಂದ್ರದ್ದು, ವಿಳಿಂಜಂನಲ್ಲಿ ರಾಜ್ಯದ್ದು. ಕಂಟೇನರ್ ಗೇಟು ದಾಟಿ ಗೋದಾಮು ಸೇರಿದರೆ ಚಿತ್ರವೇ ಬೇರೆ. 1948ರ ಕಾರ್ಖಾನೆ ಕಾಯ್ದೆ ಎತ್ತರದಲ್ಲಿ ಕೆಲಸ ಮಾಡುವವನಿಗೆ ಕಟಕಟೆಯಂಥ ರಕ್ಷಣೆ ಇರಬೇಕೆಂದು ವಿಧಿಸಿತ್ತು. ಆದರೆ ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಶೈತ್ಯಾಗಾರ ಕಾರ್ಖಾನೆಯ ಲೆಕ್ಕಕ್ಕೆ ಬಂದರೆ, ಸರಕು ಕೂಡಿಡುವುದಷ್ಟೇ ಕೆಲಸವಾದ ಸಾಮಾನ್ಯ ಗೋದಾಮು ಹೊರಗೇ ಉಳಿಯಿತು. ಅದರ ಪಾಲಿಗೆ ಇದ್ದದ್ದು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ ಮುಖ್ಯ ಕಾಳಜಿ ಕೆಲಸದ ಗಂಟೆ, ರಜೆಗಳದ್ದು. ಮೂರು ಮೀಟರ್ ಎತ್ತರದಿಂದ ಜಾರಿದವನು ಒಂದು ಸೆಕೆಂಡಿನೊಳಗೆ ನೆಲಕ್ಕೆ ಬಡಿಯುತ್ತಾನೆ, ಅದೂ ಗಂಟೆಗೆ ಸುಮಾರು 28 ಕಿ.ಮೀ. ವೇಗದಲ್ಲಿ. ಅವನು ಬಿದ್ದದ್ದು ಬಂದರಿನಲ್ಲೋ, ಕಾರ್ಖಾನೆಯಲ್ಲೋ, ಗೋದಾಮಿನಲ್ಲೋ ಎಂಬುದರಿಂದ ಪೆಟ್ಟು ಕಡಿಮೆಯಾಗುವುದಿಲ್ಲ.

ಗೋದಾಮಿನಲ್ಲಿ ಅಪಾಯ ಎದುರಾಗುವುದು ದಿನನಿತ್ಯದ ಕೆಲಸದಲ್ಲೇ. ಮೇಲಿನ ಸಾಲಿನಿಂದ ಒಂದೇ ಒಂದು ಪೆಟ್ಟಿಗೆ ಬೇಕಾಗಿರುತ್ತದೆ. ಫೋರ್ಕ್‌ಲಿಫ್ಟ್‌ನ ಮೇಲೆ ಮರದ ಪ್ಯಾಲೆಟ್ ಇಟ್ಟು, ಅದರ ಮೇಲೆ ಒಬ್ಬನನ್ನು ನಿಲ್ಲಿಸಿ ಎತ್ತಿಬಿಡುತ್ತಾರೆ. ಸುತ್ತ ಕಂಬಿಯಿಲ್ಲ, ಹಿಡಿದುಕೊಳ್ಳಲು ಆಸರೆಯಿಲ್ಲ. ಗಾಡಿ ಒಂದಿಷ್ಟು ಅಲುಗಿದರೂ ಪ್ಯಾಲೆಟ್ ಜಾರುತ್ತದೆ. ಲಾರಿಯ ಮೇಲೂ ಇದೇ ಕಥೆ. ಲೋಡು ತುಂಬಿದ ಮೇಲೆ ಟಾರ್ಪಾಲಿನ್ ಹೊದಿಸಿ ಹಗ್ಗ ಬಿಗಿಯಲು ಕ್ಲೀನರ್ ಮೂಟೆಗಳ ನೆತ್ತಿಯ ಮೇಲೆ ನಡೆಯುತ್ತಾನೆ. ಇನ್ನು ಮಳೆಗಾಲಕ್ಕೆ ಮುನ್ನ ಕರಾವಳಿಯುದ್ದಕ್ಕೂ ಚಾವಣಿ ರಿಪೇರಿಯ ಕಾಲ. ಹಳೆಯ ಸಿಮೆಂಟ್ ಶೀಟಿನ ಮೇಲೆ, ಬೆಳಕಿಗೆಂದು ನಡುವೆ ಕೂರಿಸಿದ ಪ್ಲಾಸ್ಟಿಕ್ ಶೀಟಿನ ಮೇಲೆ ಕಾಲಿಟ್ಟರೆ ಅದು ಮುರಿದು ಆಳು ನೇರ ಕೆಳಕ್ಕೆ ಬೀಳುತ್ತಾನೆ.

ಇದಕ್ಕೆಲ್ಲ ಮಾಲೀಕರ ಬಳಿ ಸಿದ್ಧವಾಗಿರುವ ಉತ್ತರ ‘ಬೆಲ್ಟ್ ಕೊಟ್ಟಿದ್ದೇವೆ’. ಬೆಲ್ಟಿನ ಲೆಕ್ಕವನ್ನೂ ಒಮ್ಮೆ ನೋಡೋಣ. ಸಾಮಾನ್ಯ ಸುರಕ್ಷತಾ ಹಗ್ಗದ ಉದ್ದ ಸುಮಾರು 1.8 ಮೀಟರ್. ಬಿದ್ದಾಗ ಆಘಾತ ತಗ್ಗಿಸುವ ಪಟ್ಟಿ ಬಿಚ್ಚಿಕೊಂಡು ಇನ್ನೊಂದು ಮೀಟರ್ ಸೇರುತ್ತದೆ. ಕೆಳಗೆ ಒಂದು ಮೀಟರ್ ಅಂತರ ಉಳಿಯಲೇಬೇಕು. ಹುಕ್ಕನ್ನು ಭುಜದ ಮಟ್ಟದಲ್ಲಿ ಸಿಕ್ಕಿಸಿದರೂ ಕಾಲಡಿಯಲ್ಲಿ ಹತ್ತಿರ ಹತ್ತಿರ ನಾಲ್ಕು ಮೀಟರ್ ಖಾಲಿ ಜಾಗ ಬೇಕು. ಪಾದದ ಬಳಿ ಸಿಕ್ಕಿಸಿದರೆ ಇನ್ನೂ ಹೆಚ್ಚು. ಅಂದರೆ ಮೂರು ಮೀಟರ್ ಎತ್ತರದ ಅಟ್ಟದ ಅಂಚಿನಲ್ಲಿರುವವನಿಗೆ ಈ ಬೆಲ್ಟನ್ನು ನೆಚ್ಚುವಂತಿಲ್ಲ. ಅದು ಪೂರ್ತಿ ತಡೆದು ನಿಲ್ಲಿಸುವ ಮೊದಲೇ ಆತ ನೆಲ ಮುಟ್ಟಿರಬಹುದು. ಹೆಚ್ಚಿನ ಎತ್ತರದಲ್ಲಿ ಬೆಲ್ಟ್ ಜೀವ ಉಳಿಸುತ್ತದೆ, ನಿಜ. ಆದರೆ ಅಲುಗಾಡದೆ ನೇತಾಡುವವನ ಕಾಲಿನಲ್ಲೇ ರಕ್ತ ನಿಲ್ಲುತ್ತದೆ, ನಿಮಿಷಗಳಲ್ಲಿ ಅವನನ್ನು ಇಳಿಸಬೇಕು. ಹೇಗೆ ಇಳಿಸುವುದೆಂದು ಮೊದಲೇ ಯೋಚಿಸದ ಗೋದಾಮು ಬೆಲ್ಟ್ ಕೊಟ್ಟು ಕೈತೊಳೆದುಕೊಂಡಂತೆಯೇ.

ಆದ್ದರಿಂದ ಮೊದಲ ಪ್ರಶ್ನೆ ಮನುಷ್ಯ ಮೇಲೆ ಹತ್ತಲೇಬೇಕೆ ಎಂಬುದು. ಬ್ರಿಟನ್ನಿನ 2005ರ ನಿಯಮಗಳು ಇದೇ ಕ್ರಮ ಹಾಕಿಕೊಟ್ಟಿವೆ: ಹತ್ತುವುದನ್ನೇ ತಪ್ಪಿಸು, ಆಗದಿದ್ದರೆ ಬೀಳದಂತೆ ತಡೆ, ಅದೂ ಆಗದಿದ್ದರೆ ಪೆಟ್ಟು ತಗ್ಗಿಸು. ಬೆಲ್ಟ್‌ನ ಸರದಿ ಬರುವುದು ಕೊನೆಗೆ. ಹೆಚ್ಚು ಓಡುವ ಸರಕನ್ನು ಕೆಳಸಾಲಿನಲ್ಲಿಟ್ಟರೆ ಹತ್ತುವ ಸಂದರ್ಭಗಳೇ ಕಡಿಮೆಯಾಗುತ್ತವೆ. ಅಟ್ಟದ ಅಂಚಿಗೆ ಕಂಬಿ, ಆಳನ್ನು ಎತ್ತಲೇಬೇಕಾದರೆ ಅದಕ್ಕೆಂದೇ ಮಾಡಿದ ಯಂತ್ರ, ಟಾರ್ಪಾಲಿನ್ ಕಟ್ಟಲು ಲಾರಿಯ ಪಕ್ಕದಲ್ಲೊಂದು ಕಟ್ಟೆ, ಶೀಟಿನ ಮೇಲೆ ನಡೆಯಲು ಹಲಗೆ—ಇವುಗಳಲ್ಲಿ ಹೆಚ್ಚಿನವು ಸಣ್ಣ ಗೋದಾಮಿನವರ ಕೈಗೂ ಎಟಕುವಂಥವೇ. ದೊಡ್ಡ ಖರ್ಚಿನದನ್ನು ಸರಕಿನ ಒಡೆಯರಾದ ಕಂಪನಿಗಳು ಗುತ್ತಿಗೆಯ ದರದಲ್ಲೇ ಸೇರಿಸಬೇಕು. ಕಡಿಮೆ ದರಕ್ಕೆ ಗುತ್ತಿಗೆ ಹಿಡಿದವನು ಉಳಿತಾಯ ಮಾಡುವುದು ಏಣಿಯಲ್ಲೂ ಆಳಿನಲ್ಲೂ.

ಇದು ಕೇರಳದ ಮಾತು ಮಾತ್ರವಲ್ಲ. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ಸಂಗ್ರಹ ಘಟಕ ಕುಸಿದು ಬಿಹಾರದ ಏಳು ಕಾರ್ಮಿಕರು ಮೂಟೆಗಳಡಿ ಸಿಕ್ಕಿ ಸತ್ತರು. ಎತ್ತರಕ್ಕೆ ಪೇರಿಸಿದ ಸರಕು ಕೆಳಗಿದ್ದವರನ್ನೂ ಬಿಡುವುದಿಲ್ಲ ಎಂಬುದಕ್ಕೆ ನಮ್ಮ ಮನೆಯಂಗಳದ ಸಾಕ್ಷಿ ಇದು. ನೆಲಮಂಗಲ, ಹೊಸಕೋಟೆ, ಬೈಕಂಪಾಡಿಗಳ ಗೋದಾಮುಗಳಲ್ಲೂ ದುಡಿಯುವವರಲ್ಲಿ ಬಹಳ ಮಂದಿ ದೂರದಿಂದ ಬಂದವರು. ಅಪಾಯ ಕಂಡರೂ ‘ಹತ್ತುವುದಿಲ್ಲ’ ಎನ್ನುವ ಧೈರ್ಯ ಅವರಿಗೆಲ್ಲಿಂದ ಬರಬೇಕು?

ಆ ಧೈರ್ಯಕ್ಕೆ ಕಾನೂನಿನ ಬಲ ಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಸಂಹಿತೆ ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳನ್ನು ಒಳಗೊಳ್ಳುವುದರಿಂದ ಗೋದಾಮಿಗೂ ಬಾಗಿಲು ತೆರೆದಿದೆ. ಆದರೆ ಸುರಕ್ಷತಾ ಅಧಿಕಾರಿಯ ನೇಮಕ ಕಡ್ಡಾಯವಾಗುವುದು ಕಾರ್ಖಾನೆ, ಕಟ್ಟಡ ಕಾಮಗಾರಿ ಮತ್ತು ಗಣಿಗಳಿಗೆ. ಕಾರ್ಖಾನೆಯಲ್ಲೂ 500 ಕಾರ್ಮಿಕರಿದ್ದರೆ, ಅಪಾಯಕಾರಿಯಾದರೆ 250. ಆ ಪಟ್ಟಿಯಲ್ಲಿ ಗೋದಾಮಿಲ್ಲ. ಆದರೆ ಅಧಿಕಾರಿಯ ನೇಮಕವನ್ನು ವಿಧಿಸುವ ಸಂಹಿತೆಯ 22ನೇ ಸೆಕ್ಷನ್ನೇ ಇನ್ನೊಂದು ದಾರಿ ಇಟ್ಟಿದೆ: ಯಾವುದೇ ವರ್ಗದ ಸಂಸ್ಥೆಗಳಲ್ಲಿ ಕಾರ್ಮಿಕರನ್ನೂ ಒಳಗೊಂಡ ಸುರಕ್ಷತಾ ಸಮಿತಿ ರಚಿಸಬೇಕೆಂದು ಸರ್ಕಾರ ಆದೇಶಿಸಬಹುದು.

ಕೇರಳ ಸರ್ಕಾರ ಈ ಸಂಹಿತೆಯೂ ಸೇರಿದಂತೆ ಕಾರ್ಮಿಕ ಸಂಹಿತೆಗಳನ್ನು ವಿರೋಧಿಸಿದೆ. ಅದರ ಆತಂಕಗಳಿಗೆ ಕಾರಣಗಳಿವೆ. ಹಾಗಿದ್ದರೂ ಆ ರಾಜ್ಯಕ್ಕೆ ತನ್ನದೇ ದಾರಿಯಿದೆ. ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುತ್ತಿದ್ದ ಹೆಣ್ಣುಮಕ್ಕಳು ಹೋರಾಡಿದ ಮೇಲೆ, 2018ರಲ್ಲಿ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಕೂರುವ ಹಕ್ಕು ಕೊಟ್ಟದ್ದು ಇದೇ ಕೇರಳ. ಕೂರುವ ಹಕ್ಕು ಕೊಟ್ಟ ಕಾಯ್ದೆಯಲ್ಲಿ ಅಪಾಯದ ಎತ್ತರಕ್ಕೆ ಹತ್ತದಿರುವ ಹಕ್ಕಿಗೂ ಜಾಗ ಮಾಡಬಹುದು.

ಕರ್ನಾಟಕ ಸರ್ಕಾರ ಗೋದಾಮುಗಳನ್ನು ಒಂದು ವರ್ಗವೆಂದು ಗುರುತಿಸಿ ಸುರಕ್ಷತಾ ಸಮಿತಿಯ ಆದೇಶ ಹೊರಡಿಸಲಿ. ಗುತ್ತಿಗೆಯ ಹಮಾಲರಿಗೂ ಲಾರಿಯ ಕ್ಲೀನರ್‌ಗಳಿಗೂ ಆ ಸಮಿತಿಯ ಮುಂದೆ ದೂರು ಹೇಳಲು ಅವಕಾಶವಿರಲಿ. ಎರಡು ಮೀಟರ್‌ಗಿಂತ ಮೇಲಿನ ಪ್ರತಿ ಕೆಲಸಕ್ಕೂ ಹೊಣೆಗಾರನ ಹೆಸರು ಬರಹದಲ್ಲಿರಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಇರುವ ಅಧಿಕಾರವನ್ನು ಚಲಾಯಿಸಿದರೆ ಸಾಕು.