ಎರಡೂ ತುದಿಗೆ ಪ್ಲಗ್ಗು

ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ರಾತ್ರಿ ಎರಡು ಸದ್ದು ತಪ್ಪುವುದಿಲ್ಲ. ಒಂದು ಗದ್ದೆಯ ಕಪ್ಪೆಯದು, ಇನ್ನೊಂದು ಯಾರದೋ ಮನೆಯ ಜನರೇಟರಿನದು. ಮೊದಲನೆಯದರಿಂದ ಯಾರಿಗೂ ಅಪಾಯವಿಲ್ಲ. ಎರಡನೆಯದರಿಂದ ಒಮ್ಮೆ ಒಬ್ಬ ಮನುಷ್ಯನ ಜೀವವೇ ಹೋಗುವುದರಲ್ಲಿತ್ತು. ಆಗ ಟಾರ್ಚ್ ಹಿಡಿದು ಬೆಳಕು ತೋರಿಸುತ್ತ ನಿಂತಿದ್ದವನು ನಾನೇ, ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳುವ ಮೇಷ್ಟ್ರು!

ಕೆಲವು ವರ್ಷಗಳ ಹಿಂದಿನ ಮಾತು. ತೀರ್ಥಹಳ್ಳಿ ಕಡೆ ಅಕ್ಕನ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. ಹಿಂದಿನ ದಿನವೇ ಮರ ಬಿದ್ದು ತಂತಿ ಕಡಿದು, ಕರೆಂಟಿಲ್ಲ. ಭಾವ ಪೇಟೆಯ ಶಾಮಿಯಾನದವರಿಂದ ಸಣ್ಣ ಜನರೇಟರ್ ಬಾಡಿಗೆಗೆ ತರಿಸಿದರು. ಜೊತೆಗೆ ಬಂದ ಹುಡುಗ ಚುರುಕು. ಒಂದು ಉದ್ದನೆಯ ವೈರಿನ ಎರಡೂ ತುದಿಗೆ ಪ್ಲಗ್ ಕಟ್ಟಿದ. ಒಂದನ್ನು ಜನರೇಟರಿಗೆ, ಇನ್ನೊಂದನ್ನು ಅಡುಗೆಮನೆಯ ಗ್ರೈಂಡರಿನ ಸಾಕೆಟ್ಟಿಗೆ ಚುಚ್ಚಿದ. ಹಗ್ಗ ಎಳೆದದ್ದೇ ತಡ, ಮನೆಯೆಲ್ಲ ಝಗ್ಗನೆ ಬೆಳಗಿತು. ಮೇನ್ ಸ್ವಿಚ್ ಆಫ್ ಮಾಡಬೇಕೆಂಬುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಹತ್ತು ನಿಮಿಷ ಆಗಿರಬಹುದು. ಅಂಗಳದಲ್ಲಿ ಯಾರೋ ಕೂಗಿದರು, "ಮೊದ್ಲು ಜನರೇಟರ್ ನಿಲ್ಸಿ!" ಮಳೆಯಲ್ಲಿ ತೊಯ್ದು ತೊಪ್ಪೆಯಾದ ಲೈನ್‌ಮನ್. ಕಡಿದ ತಂತಿ ಜೋಡಿಸಲು ಬಂದವನು ಟ್ರಾನ್ಸ್‌ಫಾರ್ಮರಿನ ಫ್ಯೂಸುಗಳನ್ನೆಲ್ಲ ಕಿತ್ತಿದ್ದ. ಆದರೂ ಅಭ್ಯಾಸಬಲದಿಂದ, ತಂತಿ ಮುಟ್ಟುವ ಮೊದಲು ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದ್ದಾನೆ. ಬಲ್ಬು ಹೊತ್ತಿಕೊಂಡಿದೆ! ಟಾರ್ಚಿನ ಬೆಳಕಿನಲ್ಲಿ ಅವನ ಮುಖ ಗುರುತು ಸಿಕ್ಕಿತು. ನನ್ನ ಹಳೆಯ ವಿದ್ಯಾರ್ಥಿ. "ಸಾರ್, ಟ್ರಾನ್ಸ್‌ಫಾರ್ಮರ್ ಪಾಠ ಮಾಡಿದ್ದು ನೀವೇ ಅಲ್ವಾ?" ಎಂದ. ಅವನು ಬೈದಿದ್ದರೇ ವಾಸಿಯಿತ್ತು.

ಆದದ್ದೇನು? ಬೀದಿಯ ಕಂಬದಿಂದ ಮೀಟರಿನ ಮೂಲಕ ಕರೆಂಟು ಒಳಗೆ ಬರುವುದು ಯಾವ ತಂತಿಯಲ್ಲೋ, ಅದೇ ತಂತಿಯಲ್ಲಿ ಅದು ಹೊರಗೂ ಹೋಗಬಲ್ಲದು. ತಂತಿಗೆ ಹೋಗುವ ದಾರಿ, ಬರುವ ದಾರಿ ಎಂಬ ಭೇದವಿಲ್ಲ. ನಮ್ಮ ಜನರೇಟರಿನ 230 ವೋಲ್ಟ್ ಸಾಕೆಟ್ಟಿನಿಂದ ಹಿಮ್ಮುಖವಾಗಿ ಹರಿದು ಕಂಬ ಏರಿತ್ತು. ಪ್ರಾಣ ತೆಗೆಯಲು ಅಷ್ಟೇ ಧಾರಾಳ ಸಾಕು.

ಫ್ಯೂಸ್ ಕೀಳದೇ ಇದ್ದಿದ್ದರೆ ಅಪಾಯ ಇನ್ನೂ ದೊಡ್ಡದು. ಊರಿನ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಮನೆಗೆ ಬೇಕಾದ 230-250 ವೋಲ್ಟಿಗೆ ಇಳಿಸುತ್ತದೆ. ಅದು ಬರೀ ಎರಡು ಬಗೆಯ ಸುರುಳಿ. ನೀನು ಯಾವ ಕಡೆಯಿಂದ ಬಂದೆ ಎಂದು ಅದು ಕೇಳುವುದಿಲ್ಲ. ಈಚೆಯಿಂದ 230 ವೋಲ್ಟ್ ಕೊಟ್ಟರೆ ಅದೇ ಪ್ರಮಾಣದಲ್ಲಿ ಏರಿಸಿ, ಆಚೆ ಸುಮಾರು 10,000 ವೋಲ್ಟ್ ಮಾಡಿ ಕಳಿಸುತ್ತದೆ. ಎಲ್ಲೋ ದೂರದ ಕಂಬದ ಮೇಲಿರುವವನಿಗೆ ನಮ್ಮ ಜನರೇಟರಿನ ಸದ್ದೂ ಕೇಳಿಸದು.

"ಅಷ್ಟು ಸಣ್ಣ ಜನರೇಟರ್ ಇಡೀ ಊರನ್ನು ಎಳೆಯುತ್ತದೆಯೇ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ನೆರೆಮನೆಗಳ ಹೊರೆಯೆಲ್ಲ ಬಿದ್ದರೆ ಅದು ಉಸಿರುಗಟ್ಟಿ ನಿಲ್ಲುವುದೇ ಹೆಚ್ಚು. ಆದರೆ ಅಂದು ಕಡಿದ ತಂತಿಯ ಈಚೆಗೆ ಇದ್ದದ್ದು ನಮ್ಮದೊಂದೇ ಮನೆ. ಹೊರೆಯೇ ಇಲ್ಲ, ಹಾಯಾಗಿ ಓಡುತ್ತಿತ್ತು. ತಂತಿ ಕಡಿದಾಗಲೇ ಲೈನ್‌ಮನ್ ಕಂಬ ಹತ್ತುವುದು, ತಂತಿ ಕಡಿದಾಗಲೇ ಜನರೇಟರ್ ಸಲೀಸಾಗಿ ಓಡುವುದು. ಇದರ ಕ್ರೂರ ಲೆಕ್ಕವಿರುವುದೇ ಇಲ್ಲಿ.

ನಮಗೂ ಅಪಾಯ ತಪ್ಪಿದ್ದಲ್ಲ. ಹಾಗೆ ಓಡುತ್ತಿರುವಾಗಲೇ ಲೈನಿನಲ್ಲಿ ಕರೆಂಟ್ ಬಂದರೆ ಎರಡರ ತಾಳ ಹೊಂದದೆ ಜನರೇಟರ್ ಸುಟ್ಟೀತು, ಬೆಂಕಿಯೂ ಹತ್ತೀತು. ಪ್ಲಗ್ ಸಾಕೆಟ್ಟಿನಿಂದ ಕಳಚಿಬಿದ್ದರಂತೂ ಅದರ ಬೆತ್ತಲೆ ಪಿನ್ನುಗಳಲ್ಲೇ ಕರೆಂಟು. ಮಗು ಅಂಬೆಗಾಲಿಡುವ ಮನೆಯಲ್ಲಿ ಇದನ್ನು ಊಹಿಸಿಕೊಳ್ಳಿ.

ಪರಿಹಾರ ಸರಳ, ಹೆಸರು ಚೇಂಜ್ ಓವರ್ ಸ್ವಿಚ್. ಮೀಟರ್ ಮತ್ತು ಮೇನ್ ಆದಮೇಲೆ ಇದನ್ನು ಕೂರಿಸುತ್ತಾರೆ. ಹಿಡಿಕೆಗೆ ಮೂರು ಸ್ಥಾನ: ಒಂದು ಕಡೆ ಲೈನು, ಇನ್ನೊಂದು ಕಡೆ ಜನರೇಟರು, ನಡುವೆ ಆಫ್. ಒಂದಕ್ಕೆ ಸೇರಬೇಕಾದರೆ ಇನ್ನೊಂದನ್ನು ಬಿಡಲೇಬೇಕು. ಎರಡು ದೋಣಿಯಲ್ಲಿ ಕಾಲಿಡಲು ಅದಕ್ಕೆ ಬರುವುದೇ ಇಲ್ಲ. ಸಿಂಗಲ್ ಫೇಸ್ ಮನೆಗೆ ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವ ಎರಡು ಪೋಲಿನದು, ತ್ರೀ ಫೇಸಿಗೆ ನಾಲ್ಕು ಪೋಲಿನದು ಬೇಕು. ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ನರಿಂದಲೇ ಹಾಕಿಸಿ. ಜನರೇಟರಿನ ಅರ್ಥಿಂಗ್ ಸರಿಯಾಗಿದೆಯೇ ಎಂದು ಅವರಿಂದಲೇ ನೋಡಿಸಿ.

"ಮೇನ್ ಆಫ್ ಮಾಡಿದರೆ ಸಾಲದೇ?" ಎನ್ನುವವರುಂಟು. ಅದು ನೆನಪನ್ನು ನಂಬಿದ ವ್ಯವಸ್ಥೆ. ನೆಂಟರು ತುಂಬಿದ ಮನೆಯ ಕತ್ತಲಲ್ಲಿ ನೆನಪು ಎಷ್ಟು ಗಟ್ಟಿ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಛಾವಣಿಯ ಸೌರಫಲಕದಿಂದ ಲೈನಿಗೆ ವಿದ್ಯುತ್ ಕೊಡುವ ಇನ್ವರ್ಟರಿಗೆ, ಲೈನ್ ಸತ್ತೊಡನೆ ತಾನೂ ಅದಕ್ಕೆ ಕೊಡುವುದನ್ನು ನಿಲ್ಲಿಸುವ ಬುದ್ಧಿ ಇಟ್ಟಿರುತ್ತಾರೆ. ಬಾಡಿಗೆಯ ಪೆಟ್ರೋಲ್ ಜನರೇಟರಿಗೆ ಆ ಬುದ್ಧಿ ಇಲ್ಲ. ಅದನ್ನು ನಾವೇ ಸ್ವಿಚ್ಚಿನ ರೂಪದಲ್ಲಿ ಕೊಡಬೇಕು.

ಸ್ವಿಚ್ ಹಾಕಿಸುವವರೆಗೆ ಜನರೇಟರನ್ನು ಮನೆಯ ವೈರಿಂಗಿಗೆ ಮುಟ್ಟಿಸಲೇಬೇಡಿ. ದಪ್ಪ ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ನಾಲ್ಕು ದೀಪ, ಒಂದು ಫ್ಯಾನು, ಬೇಕಿದ್ದರೆ ಮಿಕ್ಸಿ ನೇರವಾಗಿ ಹಾಕಿಕೊಳ್ಳಿ. ಗೀಸರು, ಪಂಪು ಬೇಡ. ಇನ್ನೊಂದು ಮಾತು: ಮಳೆ ಎಂದು ಜನರೇಟರನ್ನು ಜಗಲಿಗೋ ಕೊಟ್ಟಿಗೆಗೋ ತರಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ. ಕಿಟಕಿ ಬಾಗಿಲುಗಳಿಂದ ದೂರ, ಬಯಲಿನಲ್ಲಿ, ಮೇಲೊಂದು ಮಾಡು ಮಾತ್ರ ಇರುವಂತೆ ಇಡಿ. ಬಿಸಿ ಆರುವ ಮೊದಲು ಪೆಟ್ರೋಲ್ ತುಂಬಬೇಡಿ.

ನಾಮಕರಣ ಎಕ್ಸ್‌ಟೆನ್ಷನ್ ಬೋರ್ಡಿನ ಬೆಳಕಿನಲ್ಲೇ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಲೈನ್ ಸರಿಹೋಯಿತು, ಅದನ್ನು ಸರಿಮಾಡಿದವನೂ ಅಕ್ಕನ ಬಲವಂತಕ್ಕೆ ಊಟಕ್ಕೆ ಕುಳಿತ. ಹೋಳಿಗೆ ಬಡಿಸಿದವನು ನಾನು. ಮೊದಲೆಲ್ಲ ತರಗತಿಯಲ್ಲಿ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಒಂದು, ಇಳಿಸುವುದು ಇನ್ನೊಂದು ಎಂದು ಎರಡು ಚಿತ್ರ ಬರೆಸುತ್ತಿದ್ದೆ. ಈಗ ಒಂದೇ ಚಿತ್ರ ಬರೆಸುತ್ತೇನೆ, ಬಾಣದ ಗುರುತನ್ನು ಎರಡೂ ಕಡೆಗೆ ಹಾಕಿಸುತ್ತೇನೆ.