ವಿದ್ಯಾರ್ಥಿ ನಾಯಕನು ಯಾರಿಗೆ ಉತ್ತರದಾಯಿ?

ಕಾಲೇಜುಗಳಲ್ಲಿ ಹೊಸ ವರ್ಷದ ವಿದ್ಯಾರ್ಥಿ ಸಂಘಗಳ ಉದ್ಘಾಟನೆ ಪ್ರತಿವರ್ಷವೂ ವಿಜೃಂಭಣೆಯಿಂದಲೇ ಜರಗುತ್ತದೆ. ದೀಪ ಬೆಳಗಿಸುವುದು, ಪ್ರತಿಜ್ಞಾವಿಧಿ, ಎದೆಗೊಂದು ಬ್ಯಾಡ್ಜು, ಮರುದಿನ ಪತ್ರಿಕೆಯಲ್ಲೊಂದು ಛಾಯಾಚಿತ್ರ. ಆ ಚಿತ್ರವನ್ನು ಕತ್ತರಿಸಿ ಜೋಪಾನವಾಗಿಡುವ ತಂದೆತಾಯಂದಿರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆ ಬ್ಯಾಡ್ಜು ತಮ್ಮ ಮಗನಿಗೋ ಮಗಳಿಗೋ ಯಾರ ಕೈಯಿಂದ ಬಂತು ಎಂದು ವಿಚಾರಿಸುವವರು ವಿರಳ.

1989ರಲ್ಲಿ ನಮ್ಮ ಸಂವಿಧಾನದ 61ನೆಯ ತಿದ್ದುಪಡಿಯು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತುಹೋದವು. ದೇಶದ ಪ್ರಧಾನಿಯನ್ನು ನಿರ್ಧರಿಸಲು ಯೋಗ್ಯನೆನಿಸಿದ ತರುಣನು ತನ್ನ ಕಾಲೇಜಿನ ಸಂಘದ ಕಾರ್ಯದರ್ಶಿಯನ್ನು ಆರಿಸಲು ಅಯೋಗ್ಯನಾದನು! ಹೊಡೆದಾಟ, ಪಕ್ಷಗಳ ಹಸ್ತಕ್ಷೇಪ, ಪಾಠಪ್ರವಚನಗಳಿಗೆ ಭಂಗ ಇವೆಲ್ಲ ನಿಷೇಧಕ್ಕೆ ಮುಂದಿಟ್ಟ ಕಾರಣಗಳು. ಅವು ಸುಳ್ಳಾಗಿರಲಿಲ್ಲ. ಆ ದಿನಗಳನ್ನು ಕಂಡವರು ಯಾರೂ ಅವನ್ನು ಹಗುರವಾಗಿ ಎಣಿಸಲಾರರು.

ಚುನಾವಣೆ ಹೋದೆಡೆ ನಾಮನಿರ್ದೇಶನ ಬಂತು. ಹೆಚ್ಚು ಅಂಕ ಗಳಿಸಿದವರನ್ನು, ಅಧ್ಯಾಪಕರಿಗೆ ವಿಧೇಯರಾದವರನ್ನು ಕರೆದು ನಾಯಕರನ್ನಾಗಿ ಮಾಡುವುದು ಅನೇಕ ಕಾಲೇಜುಗಳಲ್ಲಿ ವಾಡಿಕೆಯಾಯಿತು. ಈ ಮಕ್ಕಳು ಒಳ್ಳೆಯವರೇ. ಆದರೆ ಮೇಲಿನಿಂದ ಬಂದ ಹುದ್ದೆಯು ಮೇಲಕ್ಕೇ ಮುಖಮಾಡಿರುತ್ತದೆ. ಕಾಲೇಜು ದಿನಾಚರಣೆಯಲ್ಲಿ ಅತಿಥಿಗಳಿಗೆ ಹೂಗುಚ್ಛ ನೀಡಲು ಅಂತಹ ನಾಯಕ ಸಾಕು. ಹಾಸ್ಟೆಲಿನಲ್ಲಿ ನೀರಿಲ್ಲವೆಂದು, ಸಂಜೆಯ ಬಸ್ಸು ತಪ್ಪುತ್ತದೆಂದು, ಶುಲ್ಕ ಕಟ್ಟಲು ಇನ್ನೊಂದು ತಿಂಗಳು ಬೇಕೆಂದು ಪ್ರಾಚಾರ್ಯರ ಮುಂದೆ ನಿಂತು ಹೇಳಲು ಅವನು ಹಿಂಜರಿಯುತ್ತಾನೆ. ಹೇಳದಿದ್ದರೆ ಅವನನ್ನು ಕೇಳುವವರೂ ಇಲ್ಲ.

ಆಳಿಸಿಕೊಳ್ಳಲು ಕಲಿಯದವನು ಆಳಲಾರನೆಂಬುದು ಅರಿಸ್ಟಾಟಲನ ‘ರಾಜನೀತಿ’ ಗ್ರಂಥದ ಪ್ರಸಿದ್ಧ ವಿಚಾರ. ಅಶ್ವದಳದ ನಾಯಕನು ಇನ್ನೊಬ್ಬ ನಾಯಕನ ಕೈಕೆಳಗೆ ದುಡಿದೇ ಆ ವಿದ್ಯೆಯನ್ನು ಕಲಿಯುತ್ತಾನೆಂಬುದು ಅವನು ಕೊಡುವ ದೃಷ್ಟಾಂತ. ನಮ್ಮ ಆಡಳಿತ ಮಂಡಳಿಗಳಿಗೆ ಈ ಮಾತು ಬಹು ಪ್ರಿಯವಾದೀತು. ಆದರೆ ಅವನು ಅಲ್ಲಿ ವಿವೇಚಿಸುತ್ತಿರುವುದು ಯಜಮಾನನು ಆಳನ್ನು ಆಳುವ ಬಗೆಯನ್ನಲ್ಲ, ಸಮಾನರು ಸಮಾನರನ್ನು ಸರದಿಯಂತೆ ಆಳುವ ಬಗೆಯನ್ನು. ಇಂದು ಪದಾಧಿಕಾರಿಯಾದವನು ನಾಳೆ ಕೊನೆಯ ಬೆಂಚಿಗೆ ಮರಳುತ್ತಾನೆ. ಮರಳಿದ ಮೇಲೆ ಗೆಳೆಯರ ಮುಖ ನೋಡಬೇಕಾದವನು ಕುರ್ಚಿಯಲ್ಲಿ ಕುಳಿತಾಗ ಎಚ್ಚರದಿಂದಿರುತ್ತಾನೆ.

ಚುನಾವಣೆಯೆಂದರೆ ಗೂಂಡಾಗಿರಿಯೆಂದೇ ಭಾವಿಸುವವರು ಲಿಂಗ್ಡೋ ಸಮಿತಿಯ ವರದಿಯನ್ನು ಗಮನಿಸಬೇಕು. ಕೇರಳದ ಪ್ರಾಚಾರ್ಯರ ಮಂಡಳಿ ಮತ್ತು ಕೇರಳ ವಿಶ್ವವಿದ್ಯಾಲಯದ ನಡುವಣ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದ ಮುಂದಿದ್ದಾಗ, ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ. ಎಂ. ಲಿಂಗ್ಡೋ ಅವರ ಅಧ್ಯಕ್ಷತೆಯಲ್ಲಿ ಈ ಸಮಿತಿ ರಚಿತವಾಯಿತು. 2006ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಅದರ ಶಿಫಾರಸುಗಳನ್ನು ಅಂಗೀಕರಿಸಿತು. ಅಭ್ಯರ್ಥಿಗೆ ಶೇಕಡ 75 ಹಾಜರಾತಿ ಇರಬೇಕು, ಆ ವರ್ಷ ಪಾಠಗಳಲ್ಲಿ ಬಾಕಿ ಉಳಿಸಿಕೊಂಡಿರಬಾರದು. ಪ್ರಚಾರಕ್ಕೆ 5,000 ರೂಪಾಯಿ ಮೀರಬಾರದು. ಮುದ್ರಿತ ಭಿತ್ತಿಪತ್ರ ಸಲ್ಲದು, ಕೈಬರಹದ್ದು ಮಾತ್ರ. ಫಲಿತಾಂಶ ಬಂದ ಎರಡು ವಾರಗಳೊಳಗೆ ಖರ್ಚಿನ ಲೆಕ್ಕ ಒಪ್ಪಿಸಬೇಕು. ಪದಾಧಿಕಾರಿ ಸ್ಥಾನಕ್ಕೆ ಸ್ಪರ್ಧಿಸಲು ಒಮ್ಮೆ ಮಾತ್ರ ಅವಕಾಶ. ನಾಮನಿರ್ದೇಶನವು ಅನಿವಾರ್ಯವಾದೆಡೆ ತಾತ್ಕಾಲಿಕ ವ್ಯವಸ್ಥೆ ಮಾತ್ರವೆಂದೂ ಐದು ವರ್ಷಗಳೊಳಗೆ ಚುನಾವಣೆಯ ಪದ್ಧತಿಗೆ ಬದಲಾಗಬೇಕೆಂದೂ ಸಮಿತಿ ಹೇಳಿತ್ತು. ಆ ಐದು ವರ್ಷಗಳು ಎಂದೋ ಕಳೆದಿವೆ.

“ಫಾದರ್, ನಮ್ಮ ಹುಡುಗನಿಗೆ ನೀವಾದರೂ ಬುದ್ಧಿ ಹೇಳಿ, ಈ ಎಲೆಕ್ಷನ್ ಗೊಡವೆ ಅವನಿಗೆ ಬೇಡ” ಎಂದು ಹೇಳಿಕೊಳ್ಳುವ ತಾಯಂದಿರ ಭೀತಿ ನಮಗೆ ಅರ್ಥವಾಗದ ಸಂಗತಿಯಲ್ಲ. ಸಾಲ ಮಾಡಿ ಓದಿಸುವವರಿಗೆ ಮಗನ ಒಂದು ವರ್ಷವೂ ಅಮೂಲ್ಯ. ಆದರೆ ಚುನಾಯಿತ ವಿದ್ಯಾರ್ಥಿ ನಾಯಕನು ಒಂದು ವರ್ಷದಲ್ಲಿ ಕಲಿಯುವ ಪಾಠಗಳು ಬೇರೆಲ್ಲಿಯೂ ಸುಲಭವಾಗಿ ಸಿಗುವಂಥವಲ್ಲ. ತನಗೆ ಮತ ನೀಡದವನ ಅಹವಾಲನ್ನೂ ಅವನು ಒಯ್ಯಬೇಕು. ತನಗೇ ಒಪ್ಪಿಗೆಯಾಗದ ಬೇಡಿಕೆಯನ್ನು ನ್ಯಾಯವಾಗಿ ಮಂಡಿಸಬೇಕು. ಇವೆಲ್ಲಕ್ಕಿಂತ ಕಠಿಣವಾದುದೆಂದರೆ ಪ್ರಾಚಾರ್ಯರ ಕೊಠಡಿಯಿಂದ ಬರಿಗೈಯಲ್ಲಿ ಹಿಂದಿರುಗುವುದು. ಹೊರಗೆ ಕಾದು ನಿಂತವರಿಗೆ “ನಾವು ಹತ್ತು ಕೇಳಿದೆವು, ಸಿಕ್ಕಿದ್ದು ಎರಡು, ಕಾರಣ ಇದು” ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ಆಗ ಬರುವ ಬೈಗುಳವನ್ನು ಕೇಳಿಯೂ ಮರುದಿನ ಮತ್ತೆ ಅವರ ನಡುವೆ ಕುಳಿತುಕೊಳ್ಳಬೇಕು. ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಪಡೆದ ಎಷ್ಟೋ ಮಂದಿಗೆ ಈ ಒಂದು ವಾಕ್ಯ ನುಡಿಯಲು ನಾಲಿಗೆ ಏಳುವುದಿಲ್ಲ. ಚುನಾವಣೆಯಲ್ಲಿ ಸೋತವನಿಗೂ ಪಾಠವಿದೆ. ತನ್ನನ್ನು ಸೋಲಿಸಿದವನ ಜೊತೆಗೇ ಅವನು ಅದೇ ತರಗತಿಯಲ್ಲಿ ವರ್ಷ ಕಳೆಯಬೇಕು.

ಚರ್ಚ್ ಪಾಲನಾ ಮಂಡಳಿಗೆ ಪ್ರತಿನಿಧಿಗಳನ್ನು ಚುನಾಯಿಸುವ ರೂಢಿ ನಮ್ಮ ಕುಟುಂಬಗಳಿಗೆ ಹೊಸದಲ್ಲ. ಅಲ್ಲಿಯೂ ಮನಸ್ತಾಪಗಳಾಗುತ್ತವೆ, ಹಾಗೆಂದು ಮಂಡಳಿಯನ್ನೇ ಮುಚ್ಚಿಬಿಡೋಣವೆಂದು ಯಾರೂ ಹೇಳುವುದಿಲ್ಲ.

ಚುನಾವಣೆಗಳನ್ನು ಮರಳಿ ತರಬೇಕೆಂಬ ಮಾತು ರಾಜ್ಯದಲ್ಲಿ ಆಗಾಗ ಕೇಳಿಬರುತ್ತಿದೆ. ಪಕ್ಷಗಳ ಲೆಕ್ಕಾಚಾರ ಏನೇ ಇರಲಿ, ನಮ್ಮ ಸಮುದಾಯದ ಕಾಲೇಜುಗಳು ಅಲ್ಲಿಯ ತನಕ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ತರಗತಿಯ ಪ್ರತಿನಿಧಿಯನ್ನು ಗುಪ್ತ ಮತದಿಂದ ಆರಿಸಲು ಒಂದು ಪೆಟ್ಟಿಗೆ, ಒಂದು ಗಂಟೆಯ ಸಮಯ ಸಾಕು. ಕೆಲವು ಕಡೆ ಇದು ನಡೆದೇ ಇದೆ. ವಿದ್ಯಾರ್ಥಿ ಸಂಘದ ಹಣದ ಜಮಾಖರ್ಚನ್ನು ಆ ವಿದ್ಯಾರ್ಥಿಗಳೇ ಬರೆದು ಸೂಚನಾ ಫಲಕದಲ್ಲಿ ಹಚ್ಚುವಂತಾಗಲಿ. ಮುಂದಿನ ಶಿಕ್ಷಕ-ರಕ್ಷಕ ಸಂಘದ ಸಭೆಗೆ ಹೋಗುವ ತಂದೆತಾಯಂದಿರು ಅಂಕಪಟ್ಟಿಯ ವಿಚಾರ ಮುಗಿದ ಮೇಲೆ ಈ ಎರಡು ವಿಷಯಗಳನ್ನು ಎತ್ತಬಹುದು.