ಎರಡು ಗಂಟೆಯ ಪಟ್ಟಣ!

ಶ್ರೀರಂಗಪಟ್ಟಣಕ್ಕೆ ಪ್ರವಾಸಿಗರು ಬರೋದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಭಾನುವಾರ ಬಂದು ನೋಡಿ, ರಂಗನಾಥನ ಗುಡಿ ಮುಂದೆ ಜನವೋ ಜನ. ಪ್ರಶ್ನೆ ಅದಲ್ಲ ಸ್ವಾಮಿ. ಬಂದವರು ಎಷ್ಟು ಹೊತ್ತು ಇರುತ್ತಾರೆ?

ಗುಡಿ, ದರಿಯಾ ದೌಲತ್, ಗುಂಬಜ್, ಹೆಚ್ಚೆಂದರೆ ನಿಮಿಷಾಂಬ. ಎರಡು ಗಂಟೆಯಲ್ಲಿ ಎಲ್ಲಾ ಮುಗಿಸಿ ಗಾಡಿ ಮೈಸೂರಿಗೆ ಸ್ಟಾರ್ಟ್! ಊಟ ಅಲ್ಲಿ, ವಸತಿ ಅಲ್ಲಿ, ಖರೀದಿಯೂ ಅಲ್ಲೇ. ಪಟ್ಟಣದ ಪಾಲಿಗೆ ಒಂದು ಎಳನೀರು, ಒಂದು ಸೌತೆಕಾಯಿ.

ಮೊದಲಾದರೆ ದಾರಿಹೋಕರ ವ್ಯಾಪಾರವಾದರೂ ಇತ್ತು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಮದ್ದೂರು, ಮಂಡ್ಯಕ್ಕೆ ಬಂದ ಹಾಗೆ ಶ್ರೀರಂಗಪಟ್ಟಣಕ್ಕೂ ಬೈಪಾಸ್ ಬಂತು. ಗಣಂಗೂರಿನಲ್ಲಿ ಟೋಲ್ ಕಟ್ಟಿದ ಕಾರಿನವನು ಊರಿನ ಮುಖ ನೋಡದೆ ಮೈಸೂರು ಸೇರುತ್ತಾನೆ. ಹಳೇ ರಸ್ತೆ ಅಂಗಡಿಯವರ ಗೋಳು ಇದೇ.

ಗಿರಾಕಿ ಎದ್ದು ಹೋಗಿದ್ದು ಇದೇ ಮೊದಲಲ್ಲ

1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ, ಊರು ಲೂಟಿಯಾಯಿತು. ರಾಜ್ಯ ಒಡೆಯರಿಗೆ ಬಂತು, ರಾಜಧಾನಿ ಮೈಸೂರಿಗೆ ಹೋಯಿತು. ಈ ದ್ವೀಪವನ್ನು ಮಾತ್ರ ಕಂಪನಿ ಸರಕಾರ ತಾನೇ ಇಟ್ಟುಕೊಂಡು ಪಲ್ಟನ್ ಕೂರಿಸಿತು. ಜ್ವರದ ಕಾಟ ತಡೆಯಲಾರದೆ 1809ರಲ್ಲಿ ಆ ಪಲ್ಟನ್ನೂ ಬೆಂಗಳೂರಿಗೆ ಗುಳೆ ಎದ್ದಿತು. ಬೆಂಗಳೂರು ದಂಡು ಬೆಳೆದದ್ದು ಹಾಗೆ, ಇಲ್ಲಿಯ ಪೇಟೆ ಸೊರಗಿದ್ದೂ ಹಾಗೆ. ಕೊನೆಗೆ 1881ರಲ್ಲಿ ಬ್ರಿಟಿಷರು ಈ ದ್ವೀಪವನ್ನು ಮೈಸೂರಿಗೆ ಬಿಟ್ಟುಕೊಟ್ಟು, ಬದಲಿಗೆ ಬೆಂಗಳೂರು ದಂಡನ್ನು ತಮ್ಮಲ್ಲೇ ಉಳಿಸಿಕೊಂಡರು. ಆ ವ್ಯಾಪಾರದಲ್ಲಿ ಲಾಭ ಯಾರಿಗಾಯಿತು ಅಂತ ಬಿಡಿಸಿ ಹೇಳಬೇಕೆ?

ಈ 82 ವರ್ಷದ ಪರಂಗಿ ಪಟ್ಟಣ ಇನ್ನೂ ಕಣ್ಣೆದುರಿಗಿದೆ. ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆ ಕಲ್ಲುಕಂಬಗಳ ಮೇಲೆ ನಿಂತಿದೆ. ಗಂಜಾಂನಲ್ಲಿ ಫ್ರೆಂಚ್ ಪಾದ್ರಿ ಅಬೆ ದುಬಾಯ್ ಹೆಸರಿನ ಜೊತೆ ಬೆಸೆದ ಇಗರ್ಜಿ ಇದೆ. ನದಿ ದಡದ ಗ್ಯಾರಿಸನ್ ಸ್ಮಶಾನದಲ್ಲಿ ಇಂಗ್ಲಿಷರ ಜೊತೆಗೆ ಸ್ವಿಸ್ ದ ಮ್ಯೂರಾನ್ ರೆಜಿಮೆಂಟಿನವರೂ ಮಲಗಿದ್ದಾರೆ. ದರಿಯಾ ದೌಲತ್ತನ್ನೇ ತೆಗೆದುಕೊಳ್ಳಿ. 1784ರ ಟಿಪ್ಪು ಅರಮನೆ ಅಂತ ನೋಡಿ ಬರುತ್ತೇವೆ. ಟಿಪ್ಪು ಹೋದ ಮೇಲೆ ಅಲ್ಲಿ ವಾಸಕ್ಕಿದ್ದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವನೂ ಇವನೇ! ಎಷ್ಟು ಜನಕ್ಕೆ ಇದನ್ನು ಹೇಳಿ ಕಳಿಸುತ್ತೇವೆ?

ಲೂಟಿ ಹೊಡೆದವರ ಗೋರಿ ಏಕೆ ತೋರಿಸಬೇಕು ಅಂತ ಕೇಳುವವರಿದ್ದಾರೆ. ನ್ಯಾಯವಾದ ಮಾತೇ. ಆದರೆ ತೋರಿಸುವುದು ಕೈಮುಗಿಯಲಿಕ್ಕಲ್ಲ. ದರಿಯಾ ದೌಲತ್ತಿನ ಗೋಡೆ ಮೇಲೆ 1780ರ ಪೊಳ್ಳಿಲೂರು ಕದನದಲ್ಲಿ ಕರ್ನಲ್ ಬೇಲಿ ಸೋತ ಚಿತ್ರವಿದೆ. ಅವನ ಹೆಸರಿನ ಸೆರೆಮನೆ ಕೋಟೆಯೊಳಗಿದೆ. ಅವರು ಸೋತದ್ದೂ ಇಲ್ಲಿದೆ, ನಾವು ಸೋತದ್ದೂ ಇಲ್ಲೇ ಇದೆ. ಎರಡನ್ನೂ ನೋಡಿದರೆ ತಾನೇ ಕಥೆ ಪೂರ್ತಿ?

ಮಾಡಬೇಕಾದ್ದೇನು?

ಕೋಟಿ ಕೋಟಿ ಯೋಜನೆ ಬೇಡ. ಬಸ್ ಸ್ಟ್ಯಾಂಡಿನಲ್ಲೂ, ಕೋಟೆಯೊಳಗಿನ ರೈಲ್ವೆ ಸ್ಟೇಷನ್ನಿನಲ್ಲೂ ಕನ್ನಡದಲ್ಲಿ ಒಂದೊಂದು ದೊಡ್ಡ ನಕ್ಷೆ. ಆಟೋಗೆ ಗೊತ್ತಾದ ದರ. ಊರಿನ ನಾಲ್ಕು ಹುಡುಗರಿಗೆ ಗೈಡ್ ತರಬೇತಿ. ಹೆಂಗಸರಿಗೆ ಶುಚಿಯಾದ ಶೌಚಾಲಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಟಿಕೆಟ್ ಕಾಸಿಲ್ಲದೆ ಬಸ್ ಹತ್ತಿ ಬರುವ ಹೆಂಗಸರಿಗೆ ಪ್ಯಾಕೇಜ್ ಗಾಡಿಯ ಅವಸರ ಇಲ್ಲ. ಅವರು ಅರ್ಧ ದಿನ ನಿಂತರೆ ಒಂದು ಊಟ, ಎರಡು ಕಾಫಿ, ಮಗುವಿಗೊಂದು ಗೊಂಬೆ. ಅಂಗಡಿಯವನ ಲೆಕ್ಕ ಇಷ್ಟೇ. ಬೈಪಾಸ್ ಆದ ಮೇಲೆ ಹಾದುಹೋಗುವವರನ್ನು ನಂಬಿ ಬದುಕುವಂತಿಲ್ಲ, ನಿಲ್ಲುವವರೇ ಗತಿ.

ಜೋಡಿ ಹಳಿಗೆ ಅಡ್ಡ ಬಂತೆಂದು 2017ರಲ್ಲಿ ಟಿಪ್ಪು ಕಾಲದ ಶಸ್ತ್ರಾಗಾರವನ್ನು ಒಡೆಯದೆ, ಇಡೀ ಕಟ್ಟಡವನ್ನೇ ಜರುಗಿಸಿ ಪಕ್ಕಕ್ಕೆ ಕೂರಿಸಿದರು. ರೈಲಿಗಾಗಿ ಕಟ್ಟಡವನ್ನೇ ನಡೆಸಿದವರಿಗೆ, ಜನಕ್ಕಾಗಿ ನಾಲ್ಕು ಬೋರ್ಡು ನೆಡುವುದು ಕಷ್ಟವೆ? ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಗಾದೆ ಈ ಪಟ್ಟಣಕ್ಕೆ ಯಾರೂ ಕಲಿಸಬೇಕಾಗಿಲ್ಲ. ಪುರಸಭೆ, ಪ್ರವಾಸೋದ್ಯಮ ಇಲಾಖೆಯ ಮಹನೀಯರು ಈಗಲಾದರೂ ಏಳಲಿ!